ಬೀಗದ ಕೈ ಗೊಂಚಲು

ಹಿಂದಿನ ಕಾಲದ ಮಲೆನಾಡಿನ ದೊಡ್ಡ ಮನೆಗಳಲ್ಲಿ ಮನೆಯೊಡತಿಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲೊಂದು ಸದಾ ತೂಗುತ್ತಿತ್ತು. ಉಗ್ರಾಣದ್ದೊಂದು, ಅಡಕೆಯ ಅಟ್ಟದ್ದೊಂದು, ಪಾತ್ರೆಗಳ ಕೋಣೆಯದೊಂದು, ಒಡವೆ ಹಾಗೂ ಕಾಗದಪತ್ರಗಳನ್ನಿಟ್ಟ ಮರದ ಪೆಟ್ಟಿಗೆಯದೊಂದು, ಹೀಗೆ ಏಳೆಂಟು ಕೈಗಳು. ಆಕೆ ನಡೆದು ಬರುವ ಮೊದಲೇ ಗೊಂಚಲಿನ ಸದ್ದು ಮುಂದಾಗಿ ಬಂದು ಆಕೆಯ ಆಗಮನವನ್ನು ಸಾರುತ್ತಿತ್ತು.

ಅಂಥ ಗೊಂಚಲನ್ನು ಇಂದಿಗೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಅಜ್ಜಿಯೊಬ್ಬರು ಮಲೆನಾಡಿನ ಒಂದು ಸಣ್ಣ ಊರಿನಲ್ಲಿದ್ದಾರೆ. ಎಂಬತ್ತು ದಾಟಿದ ವಯಸ್ಸು, ಕಣ್ಣು ಮಂಜಾಗಿದೆ. ಆದರೆ ಬೆರಳು ಸೋಕಿದ ಮಾತ್ರದಿಂದಲೇ ಯಾವ ಕೈ ಯಾವ ಬೀಗದ್ದೆಂದು ಹೇಳಬಲ್ಲರು. ಮದುವೆ ಮುಂಜಿಗಳಿಗೆಂದು ಪರಊರಿಗೆ ಹೊರಡುವಾಗ ಅವರು ಅನುಸರಿಸುತ್ತಿದ್ದ ಕ್ರಮವೊಂದುಂಟು. ಮನೆ ನೋಡಿಕೊಳ್ಳುವ ಹೆಂಗಸು ಎಷ್ಟೇ ನಂಬಿಗಸ್ಥಳಾಗಿದ್ದರೂ ಗೊಂಚಲನ್ನು ಇಡಿಯಾಗಿ ಅವಳ ಕೈಗೆ ಕೊಡುತ್ತಿರಲಿಲ್ಲ. ಉಗ್ರಾಣದ ಕೈಯೊಂದನ್ನು ಮಾತ್ರ ಬಿಡಿಸಿ, ಅದಕ್ಕೊಂದು ಕೆಂಪು ದಾರ ಕಟ್ಟಿ, "ದನಗಳಿಗೆ ಹಿಂಡಿ, ನಿಮಗೆ ಅಕ್ಕಿ. ಗುರುವಾರ ಬರುತ್ತೇನೆ" ಎಂದು ಹೇಳಿ ಕೊಡುತ್ತಿದ್ದರು. ಹಿಂದಿರುಗಿದ ದಿನ ಕಾಲು ತೊಳೆದು ಒಳಗೆ ಬಂದೊಡನೆ ಅವರು ಮೊದಲು ಕೇಳುತ್ತಿದ್ದುದು ಆ ಕೈಯನ್ನೇ.

ಸೊಸೆ ಒಮ್ಮೆ ತಡೆಯಲಾರದೆ, "ಅತ್ತೆ, ಇಪ್ಪತ್ತು ವರ್ಷಗಳಿಂದ ನಮ್ಮ ಮನೆಯಲ್ಲಿರುವವಳು. ಅವಳ ಮೇಲೆ ನಂಬಿಕೆಯಿಲ್ಲವೆ?" ಎಂದು ಕೇಳಿದ್ದಳು. ಅಜ್ಜಿ ನಕ್ಕು, "ನಂಬಿಕೆ ಇರುವುದರಿಂದಲೇ ಹೀಗೆ" ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿನ ಅರ್ಥ ಸೊಸೆಗೆ ಆಗ ಹೊಳೆಯಲಿಲ್ಲ. ಅದು ಹೊಳೆಯುವುದಕ್ಕೆ ಗಣಕಯಂತ್ರವೊಂದು ಆ ಮನೆಗೆ ಬರಬೇಕಾಯಿತು.

ಸೊಸೆ ಆ ಊರಿನ ಮಹಿಳೆಯರ ಸಂಘವೊಂದರ ಕಾರ್ಯದರ್ಶಿನಿ. ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿಯ ಚಿಪ್ಸ್, ಜೋನಿಬೆಲ್ಲ ಇವೇ ಸಂಘದ ಸರಕುಗಳು. ಮೂವತ್ತಕ್ಕೂ ಹೆಚ್ಚು ಮಂದಿ ಸದಸ್ಯೆಯರು ಮನೆಗೆಲಸ ಮುಗಿಸಿ ಬಂದು ಅಲ್ಲಿ ದುಡಿಯುತ್ತಾರೆ. ಮೊದಮೊದಲು ಸರಕು ಸಂತೆಯಲ್ಲೇ ಮಾರಾಟವಾಗುತ್ತಿತ್ತು. ಕಾಲ ಕಳೆದಂತೆ ಬೆಂಗಳೂರು, ಮುಂಬಯಿಗಳ ಅಂಗಡಿಗಳಿಂದಲೂ ಬೇಡಿಕೆಗಳು ಬರತೊಡಗಿದವು. ಅವು ಬರುತ್ತಿದ್ದುದು ಇ-ಮೇಲ್ ಮೂಲಕ. ಕಾರ್ಯದರ್ಶಿನಿ ಪ್ರತಿದಿನ ಸಂಜೆ ಕುಳಿತು ಒಂದೊಂದೇ ಪತ್ರವನ್ನು ತೆರೆದು, ಯಾರಿಗೆ ಯಾವ ಸರಕು, ಎಷ್ಟು ಕಿಲೋ, ಯಾವ ವಿಳಾಸ ಎಂಬುದನ್ನು ಲೆಕ್ಕದ ಹಾಳೆಗೆ ಇಳಿಸಿ, ಅನಂತರ ಪ್ಯಾಕ್ ಮಾಡುವವರಿಗೆ ಫೋನಿನಲ್ಲಿ ಸಂದೇಶ ಕಳುಹಿಸಬೇಕಾಗಿತ್ತು. ಹಬ್ಬದ ದಿನಗಳಲ್ಲಿ ಈ ಕೆಲಸ ಮುಗಿಯುವ ಹೊತ್ತಿಗೆ ನಡುರಾತ್ರಿಯಾಗುತ್ತಿತ್ತು. ಒಮ್ಮೊಮ್ಮೆ ಐದು ಕಿಲೋ ಐವತ್ತಾಗುತ್ತಿತ್ತು. ಒಮ್ಮೊಮ್ಮೆ ಪತ್ರವೇ ಕಣ್ತಪ್ಪಿ ಹೋಗುತ್ತಿತ್ತು.

ಆಕೆಯ ಅಕ್ಕನ ಮಗ ರಜೆಗೆಂದು ಬಂದವನು ಇದನ್ನು ನೋಡಿದ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ತರುಣ. ಚುರುಕು ಬುದ್ಧಿ, ಉಪಕಾರದ ಮನಸ್ಸು. "ಚಿಕ್ಕಮ್ಮ, ನೀವು ಮಾಡುತ್ತಿರುವುದು ಯಂತ್ರದ ಕೆಲಸ. ಅದನ್ನು ಯಂತ್ರಕ್ಕೇ ಬಿಟ್ಟುಬಿಡೋಣ" ಎಂದ.

ಅವನು ಹೇಳಿದ್ದು ಉತ್ಪ್ರೇಕ್ಷೆಯೇನಲ್ಲ. ಒಂದು ಕಡೆ ಏನಾದರೂ ಸಂಭವಿಸಿದರೆ ಇನ್ನೊಂದು ಕಡೆ ಇಂಥದ್ದನ್ನು ಮಾಡು ಎಂದು ಮೊದಲೇ ಬರೆದಿಟ್ಟರೆ, ಆ ಸರಣಿಯನ್ನು ತಾನೇ ನಡೆಸಿಕೊಂಡು ಹೋಗುವ ಸಾಧನಗಳಿವೆ. 2010ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಐಎಫ್‌ಟಿಟಿಟಿ, ಝೇಪಿಯರ್ ಎಂಬ ಸೇವೆಗಳು ಈ ಬಗೆಯ ಕೆಲಸವನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಿದವು. 2019ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಹುಟ್ಟಿದ ಎನ್‌ಏಟ್‌ಎನ್ ಎಂಬ ಸಾಧನವನ್ನು ಬಳಕೆದಾರರು ತಮ್ಮದೇ ಗಣಕಯಂತ್ರದಲ್ಲಿ ಇರಿಸಿಕೊಂಡೂ ನಡೆಸಬಹುದು. ಬೇಡಿಕೆಯ ಪತ್ರ ಬಂದೊಡನೆ ಸಾಧನ ಅದನ್ನು ಓದುತ್ತದೆ. ಲೆಕ್ಕದ ಹಾಳೆಯಲ್ಲಿ ಒಂದು ಸಾಲು ಬರೆಯುತ್ತದೆ. ಪ್ಯಾಕ್ ಮಾಡುವವರ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ದಣಿವೆಂಬುದು ಅದಕ್ಕಿಲ್ಲ, ಐದನ್ನು ಐವತ್ತೆಂದು ಬರೆಯುವ ನಿದ್ದೆಗಣ್ಣೂ ಅದಕ್ಕಿಲ್ಲ.

ಆದರೆ ಇಂಥ ಸಾಧನಕ್ಕೆ ಸ್ವಂತ ಮನೆಯೆಂಬುದಿಲ್ಲ. ಅದು ಮಾಡುವ ಕೆಲಸವೆಲ್ಲವೂ ಪರರ ಮನೆಯಲ್ಲಿ. ಪತ್ರಗಳಿರುವುದು ಒಂದು ಸಂಸ್ಥೆಯ ಗಣಕದಲ್ಲಿ, ಲೆಕ್ಕದ ಹಾಳೆ ಇನ್ನೊಂದರಲ್ಲಿ, ಸಂದೇಶ ಹೋಗುವುದು ಮತ್ತೊಂದರ ಮೂಲಕ. ಈ ಮೂರು ಮನೆಗಳ ಬಾಗಿಲನ್ನೂ ಅದು ತೆರೆಯಬೇಕು. ಬಾಗಿಲು ತೆರೆಯಬೇಕಾದರೆ ಬೀಗದ ಕೈ ಬೇಕು. ಯಾವ ಕೈ, ಎಷ್ಟು ದಿನಗಳಿಗೆ, ಯಾವ ಕೋಣೆಯವರೆಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ತರುಣ ಈ ಪ್ರಶ್ನೆಯ ಬಳಿ ನಿಲ್ಲಲಿಲ್ಲ. ಸಂಘದ ಇ-ಮೇಲ್ ಖಾತೆ ಪಾಸ್‌ವರ್ಡ್ ಒಂದನ್ನು ಕೊಟ್ಟರೆ ತೆರೆದುಕೊಳ್ಳುವ ಹಳೆಯ ಬಗೆಯದು. "ಚಿಕ್ಕಮ್ಮ, ಪಾಸ್‌ವರ್ಡ್ ಹೇಳಿ" ಎಂದ. ಆಕೆ ಹೇಳಿದಳು. ಅವನು ಅದನ್ನು ಕಾರ್ಯಸರಣಿಯ ಒಂದು ಮೆಟ್ಟಿಲಿನ ಒಡಲಲ್ಲೇ, ಉಳಿದ ಸೂಚನೆಗಳ ನಡುವೆ, ಇದ್ದದ್ದು ಇದ್ದ ಹಾಗೆ ಅಕ್ಷರಗಳಲ್ಲಿ ಬರೆದುಬಿಟ್ಟ. ಮರುದಿನ ಬೆಳಗ್ಗೆಯೇ ಸಾಧನ ಕೆಲಸ ಆರಂಭಿಸಿತು. ಸಂಜೆಯ ಹೊತ್ತು ಕಾರ್ಯದರ್ಶಿನಿ ಬಹಳ ದಿನಗಳ ಮೇಲೆ ತುಳಸಿಕಟ್ಟೆಯ ಮುಂದೆ ಕುಳಿತು ನಾಲ್ಕು ಮಾತನಾಡಿದಳು. ಮನೆಯವರೆಲ್ಲರೂ ಹುಡುಗನನ್ನು ಹೊಗಳಿದರು.

ಎರಡು ತಿಂಗಳು ಸುಖವಾಗಿ ಕಳೆದವು. ದೀಪಾವಳಿ ಹತ್ತಿರವಾಯಿತು. ಬೆಂಗಳೂರಿನ ಅಂಗಡಿಯೊಂದರಿಂದ ಬರಬೇಕಾಗಿದ್ದ 38,000 ರೂಪಾಯಿ ಬರಲಿಲ್ಲ. ಹಬ್ಬಕ್ಕೆ ಮುಂಚೆ ಸದಸ್ಯೆಯರಿಗೆ ಹಂಚಬೇಕಾಗಿದ್ದ ಕೂಲಿ ಅದೇ. ವಿಚಾರಿಸಿದಾಗ ಅಂಗಡಿಯವರು, "ಕಳುಹಿಸಿ ಆರು ದಿನವಾಯಿತಲ್ಲ ತಾಯಿ. ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ ಎಂದು ನೀವೇ ಪತ್ರ ಬರೆದಿದ್ದಿರಿ" ಎಂದರು. ಪತ್ರ ಸಂಘದ ವಿಳಾಸದಿಂದಲೇ ಹೋಗಿತ್ತು. ಅದರಲ್ಲಿ ಹಿಂದಿನ ಬಿಲ್ಲಿನ ಸಂಖ್ಯೆಯಿತ್ತು; ಕೊನೆಯಲ್ಲಿ ಕಾರ್ಯದರ್ಶಿನಿಯ ಹೆಸರಿತ್ತು. ಬರೆದವಳು ಮಾತ್ರ ಆಕೆಯಲ್ಲ. ಯಾರೋ ಪೆಟ್ಟಿಗೆಯ ಬಾಗಿಲು ತೆರೆದು ಒಳಹೊಕ್ಕು, ಹಳೆಯ ಪತ್ರಗಳನ್ನು ಓದಿ, ಆಕೆಯ ಧ್ವನಿಯಲ್ಲೇ ಮಾತನಾಡಿದ್ದರು.

ಸೈಬರ್ ವಂಚನೆಯ ದೂರಿಗೆಂದು ಇರುವ 1930 ಸಂಖ್ಯೆಗೆ ಒಡನೆಯೇ ಕರೆ ಮಾಡಿದರು. ಇಂಥ ಸಂದರ್ಭದಲ್ಲಿ ಗಂಟೆಗಳಿಗೂ ಬೆಲೆಯುಂಟು. ಬೇಗ ತಿಳಿಸಿದರೆ ಹಣ ಮುಂದೆ ಸಾಗದಂತೆ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆದರೆ ಆರು ದಿನ ಕಳೆದಿತ್ತು. ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು.

ಮರುದಿನ ಸಂಘದ ಸಭೆ ಸೇರಿತು. ಯಾರೂ ಗದ್ದಲ ಮಾಡಲಿಲ್ಲ. ಮಗಳಿಗೆ ಹಬ್ಬಕ್ಕೆ ಲಂಗ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದವಳೊಬ್ಬಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಮೆಲುದನಿ ಕೇಳಿತು: "ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತಿತ್ತು?"

ಗೊತ್ತಿದ್ದುದು ಇಬ್ಬರಿಗೇ. ಒಬ್ಬಳು ಕಾರ್ಯದರ್ಶಿನಿ. ಮತ್ತೊಬ್ಬ, ಬಾಗಿಲ ಬಳಿ ನಿಂತಿದ್ದ ಆ ತರುಣ. ಮೂವತ್ತು ಜೊತೆ ಕಣ್ಣುಗಳು ಅವನತ್ತ ಹೊರಳಿದವು. ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಉತ್ತರಿಸುವ ಅವಕಾಶವಾದರೂ ಇರುತ್ತಿತ್ತು. ಅವನು ತಲೆ ತಗ್ಗಿಸಿ ಹೊರಗೆ ನಡೆದ.

ಮುದ್ರಾರಾಕ್ಷಸವೆಂಬ ಸಂಸ್ಕೃತ ನಾಟಕದ ಕಥೆಯನ್ನು ಬಲ್ಲವರಿಗೆ ಈ ಸಂದರ್ಭದಲ್ಲಿ ಅದು ನೆನಪಾಗದಿರದು. ವಿಶಾಖದತ್ತನ ಆ ನಾಟಕದ ವಸ್ತುವನ್ನೇ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು. ನಂದರ ಅಮಾತ್ಯನಾದ ರಾಕ್ಷಸನು ಸ್ವಾಮಿಭಕ್ತಿಗೆ ಹೆಸರಾದವನು. ಅವನ ಹೆಸರಿದ್ದ ಮುದ್ರೆಯುಂಗುರವು ಅವನಿಗೆ ತಿಳಿಯದಂತೆಯೇ ಚಾಣಕ್ಯನ ಕೈ ಸೇರಿತು. ಚಾಣಕ್ಯನು ಉಪಾಯದಿಂದ ಒಂದು ಪತ್ರವನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನೊತ್ತಿದನು. ಪತ್ರವನ್ನು ಕಂಡ ಮಲಯಕೇತು ತನ್ನ ಮಿತ್ರನಾದ ರಾಕ್ಷಸನೇ ತನಗೆ ದ್ರೋಹ ಬಗೆದನೆಂದು ನಂಬಿದನು. ರಾಕ್ಷಸನು ಮಾಡಿದ ಅಪರಾಧವೇನೂ ಇರಲಿಲ್ಲ. ಆದರೆ ಅವನ ಮುದ್ರೆಯೇ ಅವನ ವಿರುದ್ಧ ಸಾಕ್ಷಿ ನುಡಿಯಿತು. ಮುದ್ರೆ ನುಡಿದ ಮೇಲೆ ಮನುಷ್ಯನ ಮಾತನ್ನು ಕೇಳುವವರಾರು?

ತರುಣ ಆ ರಾತ್ರಿ ಮಲಗಲಿಲ್ಲ. ಇ-ಮೇಲ್ ಖಾತೆಗೆ ಯಾರು ಯಾವಾಗ ಬಂದರೆಂಬ ದಾಖಲೆಯನ್ನು ತೆರೆದು ದಿನದಿನವನ್ನೂ ಪರಿಶೀಲಿಸಿದ. ಅಪರಿಚಿತ ಸ್ಥಳದಿಂದ ಮೊದಲ ಪ್ರವೇಶವಾದ ದಿನಾಂಕ ಸಿಕ್ಕಿತು. ಅದನ್ನು ಕಂಡೊಡನೆ ಅವನಿಗೆ ಎದೆ ಧಸಕ್ಕೆಂದಿತು. ಅದರ ಹಿಂದಿನ ದಿನ ಕಾರ್ಯಸರಣಿಯ ಒಂದು ಮೆಟ್ಟಿಲು ಕೆಟ್ಟು ನಿಂತಿತ್ತು. ಏಕೆಂದು ತಿಳಿಯದೆ, ಅದರ ಪ್ರತಿಯೊಂದನ್ನು ತೆಗೆದು, ಪರಿಚಿತರ ದೊಡ್ಡ ಗುಂಪೊಂದಕ್ಕೆ, "ಇದರಲ್ಲಿ ತಪ್ಪೆಲ್ಲಿದೆ, ನೋಡಿ ಹೇಳಿ" ಎಂದು ಅವನೇ ಕಳುಹಿಸಿದ್ದ. ತಪ್ಪು ಸಿಕ್ಕಿತ್ತು, ಸರಿಯೂ ಆಗಿತ್ತು. ಆದರೆ ಆ ಪ್ರತಿಯ ನಡುವೆ ಸಂಘದ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಬರೆದಂತೆಯೇ ಉಳಿದಿತ್ತು. ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತು ಸಂತೆಗೆ ಒಯ್ದವನು ಬೀಗದ ಕೈಯನ್ನು ಅದಕ್ಕೇ ತೂಗುಹಾಕಿದ್ದ!

ಬೆಳಗಾಗುತ್ತಲೇ ಅವನು ಚಿಕ್ಕಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿಕೊಂಡ. ಕದ್ದವನು ತಾನಲ್ಲ, ಆದರೆ ಕಳ್ಳನಿಗೆ ದಾರಿ ತೋರಿಸಿದವನು ತಾನೇ ಎಂದ. ಜಗಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಅವನನ್ನು ಹತ್ತಿರಕ್ಕೆ ಕರೆದರು. "ಮಗು, ನಿನ್ನ ತಪ್ಪು ಆಮೇಲಿನದು. ಮೊದಲನೆಯ ತಪ್ಪು ಇವಳದು. ಇಡೀ ಗೊಂಚಲನ್ನೇ ನಿನ್ನ ಕೈಗೆ ಕೊಟ್ಟಳಲ್ಲ! ಉಗ್ರಾಣದ ಕೈ ಒಂದೇ ನಿನ್ನ ಹತ್ತಿರ ಇದ್ದಿದ್ದರೆ, ಪೆಟ್ಟಿಗೆಯಲ್ಲಿ ಏನು ಹೋದರೂ ನಿನ್ನ ಮುಖ ನೋಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ."

ಸೊಸೆಗೆ ಅಂದು, ಇಪ್ಪತ್ತು ವರ್ಷದ ಕೆಲಸದಾಕೆಗೆ ಒಂದೇ ಒಂದು ಕೈಯನ್ನು ದಾರ ಕಟ್ಟಿ ಕೊಡುತ್ತಿದ್ದುದರ ಅರ್ಥವಾಯಿತು. ಅದು ಅಪನಂಬಿಕೆಯ ಗುರುತಾಗಿರಲಿಲ್ಲ. ಅವಳ ಮೇಲೆ ಎಂದೂ ಅಪವಾದ ಬಾರದಿರಲೆಂದು ಅವಳ ಸುತ್ತ ಹಾಕಿದ ಬೇಲಿಯಾಗಿತ್ತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯಿದೆ. ಆದರೆ ಕಳ್ಳ ಮತ್ತೆ ಬರಬಲ್ಲನೆಂದು ತಿಳಿದವರು ಆಗಲಾದರೂ ಬಾಗಿಲು ಹಾಕಲೇಬೇಕು. ತರುಣ ಮೊದಲು ಪಾಸ್‌ವರ್ಡ್ ಬದಲಿಸಿದ. ಅನಂತರ ಈ ಸಮಸ್ಯೆಯನ್ನು ಲೋಕದಲ್ಲಿ ಬಲ್ಲವರು ಹೇಗೆ ಬಿಡಿಸಿದ್ದಾರೆಂಬುದನ್ನು ಓದತೊಡಗಿದ. ತಾನು ಎಡವಿದ ಕಲ್ಲಿನ ಮೇಲೆ ಜಗತ್ತೇ ಒಮ್ಮೆ ಎಡವಿತ್ತೆಂಬುದು ಅವನಿಗೆ ಆಗ ತಿಳಿಯಿತು.

2000ದ ದಶಕದಲ್ಲಿ ಹಲವು ಅಂತರಜಾಲ ತಾಣಗಳು, "ನಿಮ್ಮ ಇ-ಮೇಲ್‌ನ ಪಾಸ್‌ವರ್ಡ್ ಕೊಡಿ, ನಿಮ್ಮ ಸ್ನೇಹಿತರನ್ನು ಹುಡುಕಿಕೊಡುತ್ತೇವೆ" ಎಂದು ನಿಸ್ಸಂಕೋಚವಾಗಿ ಕೇಳುತ್ತಿದ್ದವು. ಜನರೂ ಕೊಡುತ್ತಿದ್ದರು. ಸ್ನೇಹಿತರ ಪಟ್ಟಿಯೊಂದಕ್ಕಾಗಿ ಮನೆಯ ಎಲ್ಲ ಕೋಣೆಗಳ ಕೈಗಳನ್ನೂ ಪರರಿಗೆ ಒಪ್ಪಿಸುವ ಈ ಪದ್ಧತಿಯ ಅಪಾಯವನ್ನು ಕಂಡವರಲ್ಲಿ ಬ್ಲೇನ್ ಕುಕ್, ಕ್ರಿಸ್ ಮೆಸ್ಸಿನಾ ಮೊದಲಾದವರು ಸೇರಿದ್ದರು. 2006ರ ಕೊನೆಯಲ್ಲಿ ಆರಂಭವಾದ ಅವರ ಸಮಾಲೋಚನೆ 2007ರ ಡಿಸೆಂಬರ್‌ನಲ್ಲಿ ಓಆತ್ ಎಂಬ ಹೆಸರಿನ ವಿಧಾನವಾಗಿ ರೂಪುಗೊಂಡಿತು. ಮಾನವನ ರಚನೆ ಯಾವುದೂ ಮೊದಲ ಬಾರಿಗೇ ಪರಿಪೂರ್ಣವಾಗುವುದಿಲ್ಲ. ಒಬ್ಬನು ಆರಂಭಿಸಿದ ಅನುಮತಿಯ ಕಾರ್ಯವನ್ನು ಮೋಸದಿಂದ ಇನ್ನೊಬ್ಬನಿಂದ ಪೂರ್ಣಗೊಳಿಸಿ ಲಾಭ ಪಡೆಯಬಹುದೆಂಬ ದೋಷ 2009ರಲ್ಲಿ ಕಂಡುಬಂದಿತು. ಅದನ್ನು ಆ ವರ್ಷವೇ ತಿದ್ದಿದರು. 2012ರ ಅಕ್ಟೋಬರ್‌ನಲ್ಲಿ ಅದರ ಎರಡನೆಯ ಆವೃತ್ತಿ ಪ್ರಕಟವಾಯಿತು. ಅಲ್ಲಿಂದ ಮುಂದೆಯೂ ಅನುಭವ ಕಲಿಸಿದ ಎಚ್ಚರಿಕೆಗಳನ್ನು ಅದಕ್ಕೆ ಸೇರಿಸುತ್ತಲೇ ಬಂದಿದ್ದಾರೆ.

ಈ ವಿಧಾನದ ತಿರುಳು ಕಠಿಣವಾದುದಲ್ಲ. ಸ್ವಯಂಚಾಲನದ ಸಾಧನವು ಪಾಸ್‌ವರ್ಡನ್ನು ಕೇಳುವುದೇ ಇಲ್ಲ. ಖಾತೆ ಯಾವ ಸಂಸ್ಥೆಯಲ್ಲಿದೆಯೋ ಅದರ ಸ್ವಂತ ಪುಟಕ್ಕೆ ಬಳಕೆದಾರನನ್ನು ಕಳುಹಿಸುತ್ತದೆ. ಪಾಸ್‌ವರ್ಡನ್ನು ಬರೆಯುವುದು ಅಲ್ಲಿ ಮಾತ್ರ. ಗುರುತು ಖಚಿತವಾದ ಮೇಲೆ ಆ ಪುಟ, "ಈ ಸಾಧನ ನಿಮ್ಮ ಪತ್ರಗಳನ್ನು ಓದಲು ಬಯಸುತ್ತದೆ, ಒಪ್ಪುವಿರಾ?" ಎಂದು ಕೇಳುತ್ತದೆ. ಒಪ್ಪಿದರೆ, ಸಾಧನವು ಮೊದಲೇ ನೋಂದಾಯಿಸಿರುವ ವಿಳಾಸಕ್ಕೆ ಅಲ್ಪಾಯುವಾದ ಒಂದು ಸಂಕೇತವನ್ನು ಕಳುಹಿಸುತ್ತದೆ. ಅದನ್ನು ಒಮ್ಮೆ ಮಾತ್ರ ಬಳಸಬಹುದು. ಸಾಧನವು ಆ ಸಂಕೇತದೊಡನೆ ತನ್ನ ಗುರುತನ್ನೂ ತೋರಿಸಿ ಒಂದು ಟೋಕನ್ ಪಡೆಯುತ್ತದೆ. ಮುಂದೆ ಬಾಗಿಲು ತೆರೆಯುವುದು ಆ ಟೋಕನ್ನಿಗೇ. ಹಲವು ಸೇವೆಗಳಲ್ಲಿ ಅದರ ಆಯುಷ್ಯ ಸುಮಾರು ಒಂದು ಗಂಟೆ. ಅದು ಮುಗಿದಾಗ ಹೊಸ ಟೋಕನ್ ಪಡೆಯಲು ಸಾಧನದ ಬಳಿ ನವೀಕರಣದ ಇನ್ನೊಂದು ಟೋಕನ್ ಇರುತ್ತದೆ. ಖಾತೆಯ ಒಡೆಯನು ಬಯಸಿದ ದಿನ ಎರಡನ್ನೂ ರದ್ದುಗೊಳಿಸಬಹುದು.

ರಾಮಾಯಣದಲ್ಲಿ ಹನುಮಂತನು ಲಂಕೆಗೆ ಒಯ್ದದ್ದು ರಾಮನಾಮಾಂಕಿತವಾದ ಉಂಗುರವನ್ನು. ಆ ಉಂಗುರವು, ಇವನು ರಾಮನ ಕಡೆಯವನು ಎಂದು ಸೀತೆಗೆ ಖಚಿತಪಡಿಸಿತೇ ಹೊರತು ಹನುಮಂತನನ್ನು ಅಯೋಧ್ಯೆಯ ಅರಸನನ್ನಾಗಿ ಮಾಡಲಿಲ್ಲ. ಭರತನು ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ನಂದಿಗ್ರಾಮದಲ್ಲಿದ್ದುಕೊಂಡು ರಾಜ್ಯವಾಳಿದನು. ಅವನ ಅಧಿಕಾರಕ್ಕೆ ಹದಿನಾಲ್ಕು ವರ್ಷಗಳ ಅವಧಿಯಿತ್ತು. ರಾಮನು ಮರಳಿದೊಡನೆ ಅದು ಮುಗಿಯಿತು. ಉಂಗುರವು ಗುರುತಿಗೆ, ಪಾದುಕೆಯು ಅವಧಿಗೆ. ಇಂದಿನ ಟೋಕನ್ನಿನಲ್ಲಿ ಇವೆರಡೂ ಒಂದಾಗಿವೆ.

ಸಂಘದ ವ್ಯವಸ್ಥೆಯನ್ನು ತರುಣ ಬುಡದಿಂದ ಮತ್ತೆ ಕಟ್ಟಿದ. ಇ-ಮೇಲನ್ನು ಈ ಬಗೆಯ ಅನುಮತಿಗೆ ಅವಕಾಶವಿರುವ ಸೇವೆಗೆ ಬದಲಾಯಿಸಿದ. ಬೇಡಿಕೆಗಳಿಗೆಂದೇ ಒಂದು ಪ್ರತ್ಯೇಕ ಖಾತೆಯನ್ನು ತೆರೆದ. ಸದಸ್ಯೆಯರ ಬ್ಯಾಂಕ್ ವಿವರಗಳಿದ್ದ ಹಳೆಯ ಪತ್ರಗಳು ಸಾಧನದ ಕಣ್ಣಿಗೇ ಬೀಳದಂತಾಯಿತು. ಸಾಧನಕ್ಕೆ ಕೊಟ್ಟದ್ದು ಪತ್ರ ಓದುವ ಅನುಮತಿಯನ್ನು ಮಾತ್ರ, ಬರೆಯುವಂತಿಲ್ಲ, ಅಳಿಸುವಂತಿಲ್ಲ. ಲೆಕ್ಕದ ಹಾಳೆಗಳಲ್ಲಿಯೂ ಒಂದೇ ಒಂದು ಹಾಳೆಯನ್ನು ಮಾತ್ರ ಅದಕ್ಕೆ ತೆರೆದಿಟ್ಟ. ಟೋಕನ್‌ಗಳನ್ನು ಕಾರ್ಯಸರಣಿಯ ಒಡಲಲ್ಲಿ ಬರೆಯದೆ, ಸಾಧನದಲ್ಲಿ ಗುಟ್ಟುಗಳಿಗೆಂದೇ ಇರುವ ಖಾನೆಯಲ್ಲಿರಿಸಿದ. ಅಲ್ಲಿ ಅವು ಗೂಢಲಿಪಿಯ ರೂಪದಲ್ಲಿರುತ್ತವೆ. ಕಾರ್ಯಸರಣಿಯ ಪ್ರತಿಯನ್ನು ಹೊರತೆಗೆದಾಗ ಖಾನೆಯ ಹೆಸರಷ್ಟೇ ಬರುತ್ತದೆ, ಗುಟ್ಟು ಬರುವುದಿಲ್ಲ. ಕಾರ್ಯದರ್ಶಿನಿಯ ಖಾತೆಗೆ ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಮೂಡುವ ಎರಡನೆಯ ಪರೀಕ್ಷೆಯೂ ಬಂದಿತು. ಖಾತೆ ಬದಲಾಗಿದೆ ಎಂಬ ಪತ್ರ ಯಾವ ವಿಳಾಸದಿಂದ ಬಂದರೂ ದೂರವಾಣಿಯಲ್ಲಿ ಕೇಳದೆ ಹಣ ಕಳುಹಿಸಬಾರದೆಂದು ಎಲ್ಲ ಅಂಗಡಿಗಳಿಗೂ ತಿಳಿಸಿದರು.

ಈ ಕ್ರಮದಿಂದ ಅಪಾಯವೆಲ್ಲ ಕಳೆಯಿತೆಂದು ಭಾವಿಸುವುದು ಸರಿಯಲ್ಲ. ಅನುಮತಿಯ ಪುಟವನ್ನು ಓದದೆ ಒಪ್ಪುವವನನ್ನು ಯಾವ ವಿಧಾನವೂ ಕಾಯಲಾರದು. 2017ರ ಮೇ 3ರಂದು ಲೋಕದ ಅನೇಕರಿಗೆ ಪರಿಚಿತರಿಂದ ಬಂದಂತೆ ಕಾಣುವ ಇ-ಮೇಲ್ ಬಂದಿತು. ಕಡತವೊಂದನ್ನು ನೋಡಲು ಕರೆದ ಆ ಪತ್ರದ ಕೊಂಡಿಯನ್ನು ಒತ್ತಿದರೆ ಗೂಗಲ್ ಸಂಸ್ಥೆಯ ನಿಜವಾದ ಅನುಮತಿ ಪುಟವೇ ತೆರೆಯುತ್ತಿತ್ತು. ಆದರೆ ಅನುಮತಿ ಕೇಳುತ್ತಿದ್ದ ಸಾಧನ, "ಗೂಗಲ್ ಡಾಕ್ಸ್" ಎಂಬ ಹೆಸರನ್ನು ಹೊತ್ತ ಸೋಗಿನದಾಗಿತ್ತು. ಒಪ್ಪಿದವರ ವಿಳಾಸಪಟ್ಟಿಯನ್ನು ಹಿಡಿದು ಅದು ಮತ್ತಷ್ಟು ಜನರಿಗೆ ಪತ್ರ ಕಳುಹಿಸುತ್ತಿತ್ತು. ಗೂಗಲ್ ಸುಮಾರು ಒಂದು ಗಂಟೆಯೊಳಗೆ ಅದನ್ನು ತಡೆಯಿತು. ಇಲ್ಲಿ ಯಾರ ಪಾಸ್‌ವರ್ಡೂ ಕಳುವಾಗಿರಲಿಲ್ಲ. ಜನರು ತಾವಾಗಿಯೇ ಬಾಗಿಲು ತೆರೆದಿದ್ದರು. ಸಂನ್ಯಾಸಿಯ ವೇಷವನ್ನು ಕಂಡು ಸೀತೆ ರೇಖೆಯನ್ನು ದಾಟಿದಳೆಂದು ಜನಪದರು ಹೇಳುವ ಕಥೆಗೂ ಇದಕ್ಕೂ ದೂರವೇನಿಲ್ಲ.

ಟೋಕನ್ನನ್ನು ಪಡೆದವರು ಅದನ್ನು ಕಾಯಲಾರದೆ ಹೋದರೆ ಆಗುವ ಅನಾಹುತ ಇನ್ನೊಂದು ಬಗೆಯದು. 2022ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಎಂಬ ಸಂಸ್ಥೆ ಇಂಥ ಘಟನೆಯೊಂದನ್ನು ಪ್ರಕಟಿಸಿತು. ಹೆರೊಕು ಮತ್ತು ಟ್ರಾವಿಸ್-ಸಿಐ ಎಂಬ ಎರಡು ಸೇವೆಗಳಿಗೆ ಬಳಕೆದಾರರು ಕೊಟ್ಟಿದ್ದ ಟೋಕನ್‌ಗಳನ್ನು ಯಾರೋ ಅಪಹರಿಸಿ, ಹತ್ತಾರು ಸಂಸ್ಥೆಗಳು ಗಿಟ್‌ಹಬ್‌ನಲ್ಲಿ ಇರಿಸಿದ್ದ ಖಾಸಗಿ ಕಡತಗಳನ್ನು ನಕಲು ಮಾಡಿಕೊಂಡಿದ್ದರು. ಟೋಕನ್ ಹಿಡಿದು ಬಂದವನನ್ನು ಬಾಗಿಲು ಮತ್ತೇನನ್ನೂ ಕೇಳುವುದಿಲ್ಲ; ಪಾಸ್‌ವರ್ಡನ್ನೂ ಕೇಳುವುದಿಲ್ಲ, ಫೋನಿನ ಸಂಖ್ಯೆಯನ್ನೂ ಕೇಳುವುದಿಲ್ಲ. ರಾಕ್ಷಸನ ಉಂಗುರದ ಕಥೆಯೇ ಇಲ್ಲಿ ಮರುಕಳಿಸಿತು. ಆದುದರಿಂದಲೇ ಕೊಡುವ ಅನುಮತಿ ಕಿರಿದಾಗಿರಬೇಕು. ಕಳುವಾದರೂ ಕಳ್ಳನಿಗೆ ದಕ್ಕುವುದು ಒಂದು ಕೋಣೆಯಷ್ಟೇ ಆಗಿರಬೇಕು.

ಕೊಟ್ಟದ್ದನ್ನು ನೆನಪಿಟ್ಟು ಹಿಂದಕ್ಕೆ ಪಡೆಯುವುದು ಉಳಿದೆಲ್ಲಕ್ಕಿಂತ ಕಷ್ಟವಾದ ಕೆಲಸ. ಕೊಡುವಾಗ ಇರುವ ಉತ್ಸಾಹ ಹಿಂಪಡೆಯುವಾಗ ಇರುವುದಿಲ್ಲ. ಎಂದೋ ಪರೀಕ್ಷಿಸಿ ನೋಡಲೆಂದು ಜೋಡಿಸಿದ ಸಾಧನ, ಬಿಟ್ಟುಹೋದ ನೌಕರನ ಹೆಸರಿನ ಅನುಮತಿ ಇವೆಲ್ಲ ಮರೆತ ಬೀಗದ ಕೈಗಳಂತೆ ಪರರ ಮನೆಯ ಗೂಟದಲ್ಲಿ ತೂಗುತ್ತಲೇ ಇರುತ್ತವೆ. ಪಾಸ್‌ವರ್ಡ್ ಬದಲಿಸಿದರೆ ಅವೆಲ್ಲ ತಾವಾಗಿಯೇ ಸತ್ತುಹೋಗುತ್ತವೆಂಬ ಭರವಸೆಯೂ ಎಲ್ಲೆಡೆ ಇಲ್ಲ. ಈಗ ಸಂಘದಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಕಾರ್ಯದರ್ಶಿನಿ ಖಾತೆಯ ಅನುಮತಿಗಳ ಪಟ್ಟಿಯನ್ನು ತೆರೆದು ಗಟ್ಟಿಯಾಗಿ ಓದುತ್ತಾಳೆ. ಬೇಡವಾದುದನ್ನು ಅಂದೇ ರದ್ದು ಮಾಡುತ್ತಾಳೆ. ಕಳೆದುಹೋದ 38,000 ರೂಪಾಯಿ ಹಿಂದಿರುಗಿ ಬರಲಿಲ್ಲ. ನಷ್ಟವನ್ನು ಸಂಘವೇ ಹೊತ್ತುಕೊಂಡಿತು. ಆ ದೀಪಾವಳಿಗೆ ಅರ್ಧ ಕೂಲಿ ಪಡೆದವರಿಗೆ ಉಳಿದರ್ಧ ಸಿಕ್ಕಿದ್ದು ಯುಗಾದಿಯ ಹೊತ್ತಿಗೆ. ನಡೆದುದೇನೆಂಬುದನ್ನು ತರುಣ ತಾನೇ ಸಭೆಯ ಮುಂದೆ ನಿಂತು ವಿವರಿಸಿದ. ಆ ದಿನ ಹಿಂದಿನ ಸಾಲಿನಿಂದ ಪ್ರಶ್ನೆ ಕೇಳಿದ್ದ ಹೆಂಗಸೇ ಎದ್ದು ಬಂದು ಅವನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು.

ನಂಬಿಕೆಯೆಂದರೆ ಎಲ್ಲವನ್ನೂ ಒಪ್ಪಿಸಿಬಿಡುವುದೆಂಬ ಭಾವನೆ ಲೋಕದಲ್ಲಿ ಬಲವಾಗಿದೆ. ಮಿತಿ ಹಾಕಿದರೆ ಸ್ನೇಹಕ್ಕೆ ಕುಂದೆಂದು ಅಳುಕುವವರೇ ಹೆಚ್ಚು. ಆದರೆ ಮಿತಿಯಿಲ್ಲದೆ ಕೊಟ್ಟ ಅಧಿಕಾರವು ಕೊಟ್ಟವನನ್ನಷ್ಟೇ ಅಲ್ಲ, ಪಡೆದವನನ್ನೂ ಅಪಾಯಕ್ಕೆ ಒಡ್ಡುತ್ತದೆ. ಕೆಲಸಕ್ಕೆ ಬೇಕಾದಷ್ಟು, ಬೇಕಾದ ಅವಧಿಗೆ, ಹಿಂಪಡೆಯಲು ಬರುವಂತೆ ಕೊಟ್ಟದ್ದೇ ಇಬ್ಬರಿಗೂ ಕ್ಷೇಮ. ಯಂತ್ರದೊಡನೆ ವ್ಯವಹರಿಸುವಾಗ ಮಾತ್ರವಲ್ಲ, ಮನುಷ್ಯರೊಡನೆ ವ್ಯವಹರಿಸುವಾಗಲೂ ಇದು ಸತ್ಯ.

ಕಳೆದ ಬೇಸಿಗೆಯಲ್ಲಿ ಅಜ್ಜಿ ಮಗಳ ಮನೆಗೆ ಹೊರಟರು. ಸೊಸೆಗೆ ಸಂಘದ ಕೆಲಸದ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿತ್ತು. ಮನೆಯಲ್ಲಿ ಉಳಿದವನು ತರುಣನೊಬ್ಬನೇ. ಅಜ್ಜಿ ಸೊಂಟದ ಗೊಂಚಲಿಗೆ ಕೈಹಾಕಿದರು. ಬೆರಳುಗಳು ಒಂದೊಂದೇ ಕೈಯನ್ನು ತಡವಿ ಉಗ್ರಾಣದ ಕೈಯ ಬಳಿ ನಿಂತವು. ಅವರು ಅದನ್ನು ಬಿಡಿಸುವಷ್ಟರಲ್ಲಿ ತರುಣ ಒಳಗೆ ಹೋಗಿ ಕೆಂಪು ದಾರದ ಒಂದು ಎಳೆಯನ್ನು ತಂದು ಅವರ ಅಂಗೈಯಲ್ಲಿಟ್ಟ. ಅಜ್ಜಿ ಏನೂ ಹೇಳದೆ ದಾರ ಕಟ್ಟಿ ಕೈಯನ್ನು ಕೊಟ್ಟರು. ಎಂಟು ದಿನಗಳ ಬಳಿಕ ಅವರು ಮರಳಿ ಬಂದು ಕಾಲು ತೊಳೆಯುತ್ತಿದ್ದಾಗ, ಕೇಳುವ ಮೊದಲೇ ಆ ಬೀಗದ ಕೈ ಜಗಲಿಯ ಮೇಲೆ ಅವರಿಗಾಗಿ ಕಾಯುತ್ತಿತ್ತು.